ನಲವತ್ತರ ಪ್ರಾಯ, ನಲವತ್ತರ ದಶಕ

ಸರ್ ಎಂ. ವಿಶ್ವೇಶ್ವರಯ್ಯನವರು ಮೂಸಿ ನದಿಯ ಕೆಲಸಕ್ಕೆಂದು ಹೈದರಾಬಾದಿಗೆ ಬಂದದ್ದು 1909ರಲ್ಲಿ. ನಾನು ಜರ್ಮನ್ನಿಗೆ ಅನುವಾದಿಸಿದ ಪುಸ್ತಿಕೆಯಲ್ಲಿ ಅವರು ಬಂದದ್ದು 1940ರ ದಶಕದ ಕೊನೆಗೆ. ನಡುವಿನ ನಲವತ್ತು ವರ್ಷಗಳನ್ನು ನಾನು ಒಂದೇ ಒಂದು ಪದಗುಚ್ಛದಲ್ಲಿ ಅಳಿಸಿಹಾಕಿದ್ದೆ. ಇಂಗ್ಲಿಷ್ ಮೂಲ ಸ್ಪಷ್ಟವಾಗಿಯೇ ಇತ್ತು, ಅಚ್ಚಿನವರೂ ಕೊಟ್ಟದ್ದನ್ನೇ ಅಚ್ಚು ಹಾಕಿದ್ದರು. ತಪ್ಪು ಪೂರ್ತಿಯಾಗಿ ನನ್ನದು.

ಮೂಲದಲ್ಲಿ ಇದ್ದದ್ದು ಸರಳ ವಾಕ್ಯ. ಹೈದರಾಬಾದಿಗೆ ಬಂದಾಗ ವಿಶ್ವೇಶ್ವರಯ್ಯನವರು 'ಇನ್ ಹಿಸ್ ಲೇಟ್ ಫಾರ್ಟೀಸ್', ಅಂದರೆ ಅವರ ವಯಸ್ಸು ಐವತ್ತರ ಹತ್ತಿರ. ನಾನು ಬರೆದದ್ದು 'ಇನ್ ಡೆನ್ ಶ್ಪೇಟನ್ ಫಿರ್ತ್ಸಿಗರ್ ಯಾರೆನ್'. ಜರ್ಮನ್ ಓದುಗರಿಗೆ ಇದರಲ್ಲಿ ವಯಸ್ಸಿನ ಸುಳಿವೇ ಇಲ್ಲ. 1940ರ ದಶಕದ ಕೊನೆಯ ವರ್ಷಗಳು ಎಂದಷ್ಟೇ ಅದರ ಅರ್ಥ. ಬರೆಯಬೇಕಾಗಿದ್ದದ್ದು 'ಎಂಡೆ ಫಿರ್ತ್ಸಿಗ್' ಎಂಬ ಎರಡು ಪದ. ನಲವತ್ತರ ಕೊನೆ ಎಂದು ಅದರ ಅಕ್ಷರಾರ್ಥ. ವಯಸ್ಸಿನ ಶುರುವಿಗೆ 'ಆನ್‌ಫಾಂಗ್', ನಡುವಿಗೆ 'ಮಿಟೆ', ಕೊನೆಗೆ 'ಎಂಡೆ'. ಮುಂದೆ ಬರೀ ಸಂಖ್ಯೆ. ಜರ್ಮನ್ ಕಲಿತ ಮೊದಲ ವರ್ಷದಲ್ಲೇ ಯಾರಾದರೂ ಹೇಳಿಕೊಡುವ ವಿಷಯ. ನನಗೂ ಗೊತ್ತಿತ್ತು. ಗೊತ್ತಿದ್ದೂ ತಪ್ಪಿದ್ದು ಹೇಗೆ ಎಂಬುದನ್ನೇ ಇಲ್ಲಿ ಬರೆಯಬೇಕಾಗಿದೆ.

ನಮ್ಮ ಮನೆತನ ಬೀದರ್ ಕಡೆಯದು. ಹೈದರಾಬಾದಿನ ಕಾಚಿಗುಡಾದಲ್ಲಿ ಕನ್ನಡದವರ ಮನೆಗಳು ಒಂದರ ಪಕ್ಕ ಒಂದು ಇದ್ದ ಗಲ್ಲಿಯಲ್ಲಿ ನಾನು ಬೆಳೆದೆ. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ದಖನಿ ಉರ್ದು, ಅಂಗಡಿಯಲ್ಲಿ ತೆಲುಗು, ಶಾಲೆಯ ಪುಸ್ತಕದಲ್ಲಿ ಇಂಗ್ಲಿಷ್. ತಾರ್ನಾಕಾ ದಾರಿಯಲ್ಲಿರುವ ಇಂಗ್ಲಿಷ್ ಮತ್ತು ವಿದೇಶಿ ಭಾಷೆಗಳ ಸಂಸ್ಥೆ ಆಗಿನ್ನೂ ವಿಶ್ವವಿದ್ಯಾಲಯವಾಗಿರಲಿಲ್ಲ. ಅದು ಕೇಂದ್ರೀಯ ವಿಶ್ವವಿದ್ಯಾಲಯವಾದದ್ದು 2007ರಲ್ಲಿ. 1958ರಲ್ಲಿ ಬರೀ ಇಂಗ್ಲಿಷಿಗೆಂದು ಶುರುವಾದ ಆ ಸಂಸ್ಥೆಗೆ 1972ರಲ್ಲಿ ವಿದೇಶಿ ಭಾಷೆಗಳ ಹೆಸರೂ ಸೇರಿತು. ಅಲ್ಲಿ ಜರ್ಮನ್ ಕಲಿತೆ. ಆಮೇಲೆ ಔಷಧ ಕಂಪನಿಗಳ ಕಾಗದಪತ್ರ, ಯಂತ್ರಗಳ ಕೈಪಿಡಿ, ಅಪರೂಪಕ್ಕೊಮ್ಮೆ ಇತಿಹಾಸದ ಬರಹ, ಇವನ್ನೆಲ್ಲ ಇಂಗ್ಲಿಷಿನಿಂದ ಜರ್ಮನ್ನಿಗೆ ಒಯ್ಯುವುದೇ ಹೊಟ್ಟೆಪಾಡಾಯಿತು.

ಈ ಕೆಲಸದಲ್ಲಿ ದಶಕಗಳ ಕಾಟ ದೊಡ್ಡದು. ಕಂಪನಿಯ ಪರಿಚಯಪತ್ರ ಬಂದರೆ ಮೊದಲ ಸಾಲಿನಲ್ಲೇ 'ಎಂಬತ್ತರ ದಶಕದಲ್ಲಿ ಸ್ಥಾಪನೆಯಾದ' ಎಂದಿರುತ್ತದೆ. ಜರ್ಮನ್ನಿನಲ್ಲಿ ಇದನ್ನು ಬರೆಯಲು ಹಲವು ದಾರಿ. ಅಂಕಿ ಬರೆದು 'ಎರ್' ಅಂಟಿಸಿ 'ಯಾರೆ' ಎನ್ನಬಹುದು, ನಡುವೆ ಅಡ್ಡಗೆರೆ ಹಾಕಬಹುದು, ಅಕ್ಷರದಲ್ಲಿ ಒಂದೇ ಪದವಾಗಿ 'ಆಖ್‌ತ್ಸಿಗರ್‌ಯಾರೆ' ಎಂದು ಕೂಡಿಸಬಹುದು. 1996ರ ಕಾಗುಣಿತ ಸುಧಾರಣೆಯ ನಂತರ ಇವುಗಳಲ್ಲಿ ಯಾವುದು ಮೇಲು ಎಂಬ ಚರ್ಚೆ ನಮ್ಮಂಥವರಿಗೆ ದಿನವೂ ಬೇಕಾಗುತ್ತಿತ್ತು. ಇಂಗ್ಲಿಷ್ ಅಭ್ಯಾಸದಿಂದ ನಡುವೆ ಅಪಾಸ್ಟ್ರಫಿ ನುಸುಳಿದರೆ ಅದು ತಪ್ಪು. ಆ 'ಎರ್' ಯಾವ ವಿಭಕ್ತಿಯಲ್ಲೂ ಬದಲಾಗುವುದಿಲ್ಲ. ಇಂಥವನ್ನೆಲ್ಲ ಒಂದು ಕೋಷ್ಟಕ ಮಾಡಿ ಇಟ್ಟುಕೊಂಡೆ. ಎಡಗಡೆ ಇಂಗ್ಲಿಷ್, ಬಲಗಡೆ ಜರ್ಮನ್. ವರ್ಷಗಳು ಕಳೆದಂತೆ ಅದು ಉದ್ದವಾಯಿತು, ಅನುವಾದದ ತಂತ್ರಾಂಶದೊಳಗೆ ಸೇರಿತು. ಎಡಗಡೆಯ ಪದಗುಚ್ಛ ಎಲ್ಲಿ ಕಂಡರೂ ಬಲಗಡೆಯದು ತಾನಾಗಿಯೇ ತೆರೆಯ ಮೇಲೆ ಬರುತ್ತಿತ್ತು. 'ಲೇಟ್ ಫಾರ್ಟೀಸ್' ಎದುರಿಗೆ ಯಾವುದೋ ಹಳೆಯ ಕಂಪನಿಯ ಚರಿತ್ರೆಯಿಂದ ಬಂದ 'ಶ್ಪೇಟೆ ಫಿರ್ತ್ಸಿಗರ್ ಯಾರೆ' ಕುಳಿತಿತ್ತು. ಮೂಸಿಯ ಪುಸ್ತಿಕೆಯ ಆ ವಾಕ್ಯ ಬಂದಾಗ ತಂತ್ರಾಂಶ ಅದನ್ನೇ ಮುಂದಿಟ್ಟಿತು. ನಾನು ಅಡ್ಡಗೆರೆ ಸರಿಯಿದೆಯೇ, ವಿಭಕ್ತಿ ಸರಿಯಿದೆಯೇ ಎಂದು ನೋಡಿ ಮುಂದೆ ಹೋದೆ. 'ಹಿಸ್' ಎಂಬ ಪುಟ್ಟ ಪದ ಅಲ್ಲೇ ಇತ್ತು. ಈ ವರ್ಷಗಳು ಕಾಲದವಲ್ಲ, ಒಬ್ಬ ಮನುಷ್ಯನವು ಎಂದು ಅದು ಹೇಳುತ್ತಿತ್ತು. ನಾನು ಅದನ್ನು ಓದಲೇ ಇಲ್ಲ.

ಪುಸ್ತಿಕೆ ಜರ್ಮನಿಯಿಂದ ಬರುವ ಪ್ರವಾಸಿಗಳಿಗಾಗಿ ಸಿದ್ಧವಾದದ್ದು. ಮೂಸಿ ದಂಡೆಯ ಉದ್ದಕ್ಕೂ ನಡೆಯುತ್ತ ನಗರದ ಚರಿತ್ರೆ ಹೇಳುವುದು ಅದರ ಉದ್ದೇಶ. 1908ರ ಸೆಪ್ಟೆಂಬರ್ 28ರ ಪ್ರವಾಹ ಅದರ ನಡುಭಾಗ. ಆರನೆಯ ನಿಜಾಮ ಮೀರ್ ಮಹಬೂಬ್ ಅಲಿ ಖಾನರ ಕಾಲ. ಮೇಲಿನ ಕೆರೆಗಳು ಒಂದರ ಹಿಂದೊಂದು ಒಡೆದು ನೀರು ಊರೊಳಗೆ ನುಗ್ಗಿತು. ಸತ್ತವರು 15 ಸಾವಿರದಷ್ಟು ಎಂದು ಅಂದಾಜು. ಈಗ ಉಸ್ಮಾನಿಯಾ ಆಸ್ಪತ್ರೆಯ ಆವರಣದಲ್ಲಿರುವ ಹುಣಸೆಮರವನ್ನು ಹತ್ತಿ ನೂರೈವತ್ತು ಜನ ಉಳಿದರೆಂದು ಊರು ಇಂದಿಗೂ ಹೇಳುತ್ತದೆ. ಮರುವರ್ಷ, ಮುಂಬಯಿ ಸರ್ಕಾರದ ಸೇವೆ ಬಿಟ್ಟಿದ್ದ ವಿಶ್ವೇಶ್ವರಯ್ಯನವರನ್ನು ನಿಜಾಮ ಸರ್ಕಾರ ಕರೆಸಿಕೊಂಡಿತು. ನೀರನ್ನು ಊರಿನ ಮೇಲ್ಗಡೆಯೇ ತಡೆಯಬೇಕು ಎಂಬುದು ಅವರ ಸಲಹೆಯ ತಿರುಳು. ಆ ಚಿಂತನೆಯಿಂದ ಮೂಸಿಗೆ ಅಡ್ಡಲಾಗಿ ಉಸ್ಮಾನ್ ಸಾಗರ 1920ರಲ್ಲಿ, ಅದರ ಉಪನದಿ ಈಸಿಗೆ ಅಡ್ಡಲಾಗಿ ಹಿಮಾಯತ್ ಸಾಗರ 1927ರಲ್ಲಿ ಎದ್ದವು. 1909ರ ಕೊನೆಗೆ ಅವರು ಮೈಸೂರಿನ ಮುಖ್ಯ ಎಂಜಿನಿಯರ್ ಆಗಿ ಹೊರಟರು. ಮುಂದಿನದು ಕನ್ನಡಿಗರಿಗೆ ಬಾಯಿಪಾಠ.

ಒಂದು ತಂಡದ ಜೊತೆ ದುಭಾಷಿಯಾಗಿ ನಾನೇ ಹೋಗಿದ್ದೆ. ಹುಣಸೆಮರದ ಹತ್ತಿರ, ನಿವೃತ್ತ ಇತಿಹಾಸ ಶಿಕ್ಷಕಿಯೊಬ್ಬರು ಪುಸ್ತಿಕೆ ತೆರೆದು ಹಿಡಿದು ಪ್ರಶ್ನೆ ಕೇಳಿದರು. ನಿಜಾಮರ ಆಳ್ವಿಕೆ ಮುಗಿದದ್ದು 1948ರಲ್ಲಿ ಎಂದು ಕೊನೆಯ ಪುಟದಲ್ಲಿದೆ. ಈ ಎಂಜಿನಿಯರರು ಬಂದದ್ದೂ ಆಗಲೇ. ಹಾಗಾದರೆ ಪ್ರವಾಹವಾಗಿ ನಲವತ್ತು ವರ್ಷ ಸರ್ಕಾರ ಕೈಕಟ್ಟಿ ಕುಳಿತಿತ್ತೇ? ರಾಜ್ಯವೇ ಬಿದ್ದುಹೋಗುತ್ತಿರುವಾಗ ಅವರನ್ನು ಕರೆಸಿದ್ದು ಯಾಕೆ? ಪ್ರಶ್ನೆಯಲ್ಲಿ ಟೀಕೆ ಇರಲಿಲ್ಲ, ನಿಜವಾದ ಕುತೂಹಲ ಇತ್ತು. ಅವರು ನನ್ನ ವಾಕ್ಯವನ್ನು ನಂಬಿ, ಅದರ ಮೇಲೆ ಒಂದು ಇಡೀ ಇತಿಹಾಸವನ್ನು ಕಟ್ಟಿಕೊಂಡಿದ್ದರು. ಅಣೆಕಟ್ಟುಗಳ ವರ್ಷ ಮುಂದಿನ ಪುಟದಲ್ಲಿತ್ತು. ಅದು ಹೊಂದುತ್ತಿಲ್ಲವಲ್ಲ ಎಂದು ಅದಕ್ಕೂ ಒಂದು ಸಮಾಧಾನ ಹುಡುಕಿಕೊಂಡಿದ್ದರು: ಮೊದಲು ಕಟ್ಟಿದ್ದು ಸೋತಿರಬೇಕು, ಆಮೇಲೆ ಇವರನ್ನು ಕರೆಸಿರಬೇಕು. ನಾನು ಅಲ್ಲೇ ನಿಂತು ತಪ್ಪು ಹೇಳಿಕೊಂಡೆ, ಸರಿಯಾದ ವರ್ಷ ಕೊಟ್ಟೆ. ಅವರು ಪೆನ್ನು ತೆಗೆದು ಪುಸ್ತಿಕೆಯಲ್ಲಿ ತಿದ್ದಿಕೊಂಡರು. ಆದರೆ ಅದೇ ಪುಸ್ತಿಕೆ ಹಿಡಿದು ಆಗಲೇ ಊರಿಗೆ ಮರಳಿದ್ದ ಬೇರೆ ತಂಡಗಳ ಪ್ರತಿಗಳನ್ನು ತಿದ್ದುವವರು ಯಾರು?

ದಶಕವೆಂದರೆ ಹತ್ತು ಅಂಕಿಗಳ ಕಟ್ಟು ಎಂದು ನಾನು ತಿಳಿದಿದ್ದೆ. ಆ ಶಿಕ್ಷಕಿಗೆ 'ನಲವತ್ತರ ಕೊನೆ' ಎಂದರೆ ಯುದ್ಧದ ಅವಶೇಷಗಳ ನಡುವಿನ ಬಾಲ್ಯ, 1948ರ ಜೂನ್‌ನಲ್ಲಿ ಬದಲಾದ ನಾಣ್ಯ, ದಿಗ್ಬಂಧನದ ಬರ್ಲಿನ್, 1949ರಲ್ಲಿ ಎರಡಾದ ದೇಶ. ಜರ್ಮನ್ನರು 'ಚಿನ್ನದ ಇಪ್ಪತ್ತುಗಳು' ಎಂದರೆ ಅದಕ್ಕೊಂದು ಬಣ್ಣವಿದೆ, 'ಅರವತ್ತೆಂಟರವರು' ಎಂದರೆ ಒಂದು ತಲೆಮಾರಿನ ಮುಖವೇ ಕಾಣುತ್ತದೆ. ನಮ್ಮ ಕಡೆಗೂ ಹಾಗೆಯೇ. ಬೀದರ್, ಕಲಬುರಗಿ, ರಾಯಚೂರಿನವರಿಗೆ ನಲವತ್ತರ ದಶಕವೆಂದರೆ ರಜಾಕಾರರ ಹಾವಳಿ, ಊರು ಬಿಟ್ಟು ಗಡಿ ದಾಟಿದ ಕುಟುಂಬಗಳು, 1948ರ ಸೆಪ್ಟೆಂಬರ್ 13ರಿಂದ 17ರವರೆಗಿನ ಪೊಲೀಸ್ ಕಾರ್ಯಾಚರಣೆ. ಅಂಥ ಒಂದು ಕಾಲದೊಳಗೆ ನಾನು ಒಬ್ಬ ಎಂಜಿನಿಯರರನ್ನು ನೂಕಿದ್ದೆ. 1948ರಲ್ಲಿ ವಿಶ್ವೇಶ್ವರಯ್ಯನವರಿಗೆ ಎಂಬತ್ತೈದು ದಾಟಿತ್ತು.

ಆ ರಾತ್ರಿ ಮನೆಯಲ್ಲಿ ಅವ್ವನ ಮುಂದೆ ಹೇಳಿಕೊಂಡೆ. ಅವಳಿಗೆ ಜರ್ಮನ್ ಬಾರದು. ಅದಕ್ಕೇ ನಾನು ಬರೆದ ವಾಕ್ಯವನ್ನು ಕನ್ನಡದಲ್ಲಿ ಹೇಳಿದೆ: "ವಿಶ್ವೇಶ್ವರಯ್ಯನವರು ನಲವತ್ತರ ದಶಕದ ಕೊನೆಯಲ್ಲಿ ಹೈದರಾಬಾದಿಗೆ ಬಂದರು."

ಅವ್ವ ತಕ್ಷಣ ತಡೆದಳು. "ನಲವತ್ತರ ಸುಮಾರಿನ್ಯಾಗ ಅವರು ಎಲ್ಲಿ ಬಂದ್ರೋ ತಮ್ಮಾ? ಆವಾಗ ಇಲ್ಲಿ ರಜಾಕಾರರ ಗದ್ದಲ. ಹೊಳಿ ಬಂದಿದ್ದು ನಮ್ಮ ಮುತ್ಯಾ ಸಣ್ಣಾವಿದ್ದಾಗ."

"ವಯಸ್ಸು ನಲವತ್ತರ ಕೊನೀಗಿತ್ತು ಅಂತ ಇಂಗ್ಲಿಷ್‌ನ್ಯಾಗ ಇತ್ತವ್ವಾ."

"ಹಂಗಂದ್ರ ಅವರಿಗಿ ಐವತ್ತರ ಸನೇಕ ಬಂದಿತ್ತು ಅನ್ನು. ದಶಕ ಯಾಕ ತರ್ತಿ ನಡುವ?"

ಅವಳು ಹೇಳಿದ ಆ ವಾಕ್ಯ ಜರ್ಮನ್ನಿನ 'ಎಂಡೆ ಫಿರ್ತ್ಸಿಗ್'ಗೆ ನಾನು ಬರೆದದ್ದಕ್ಕಿಂತ ಎಷ್ಟೋ ಹತ್ತಿರವಿತ್ತು. ಕನ್ನಡ ಈ ಎರಡನ್ನು ಎಂದೋ ಬೇರೆ ಮಾಡಿಟ್ಟಿದೆ. ಕಾಲಕ್ಕೆ ನಲವತ್ತರ ದಶಕ, ಮನುಷ್ಯನಿಗೆ ನಲವತ್ತರ ಪ್ರಾಯ. ಕನ್ನಡದಲ್ಲಿ ಯೋಚಿಸಿದ್ದರೆ ತಪ್ಪುವುದು ಸಾಧ್ಯವೇ ಇರಲಿಲ್ಲ. ನಾನು ಯೋಚಿಸಿದ್ದು ಇಂಗ್ಲಿಷಿನಲ್ಲಿ ಮಾತ್ರ. ಜರ್ಮನ್ ಮೇಜಿನ ಮುಂದೆ ಕೂತಾಗ ಮನೆಯ ಭಾಷೆಗೆ ಅಲ್ಲಿ ಕೆಲಸವಿಲ್ಲ ಎಂದು, ಯಾರೂ ಹೇಳದೆಯೇ, ನಾನೇ ತೀರ್ಮಾನಿಸಿಕೊಂಡಿದ್ದೆ. ಅಡ್ಡಗೆರೆಯ ತಪ್ಪಿಗಿಂತ, ವಿಭಕ್ತಿಯ ತಪ್ಪಿಗಿಂತ ಈ ತೀರ್ಮಾನ ದೊಡ್ಡ ತಪ್ಪು. ಅದು ಬಹಳ ವರ್ಷದಿಂದ ನಡೆದುಬಂದಿತ್ತು.

ಪುಸ್ತಿಕೆಯನ್ನು ಮತ್ತೆ ಮೊದಲಿನಿಂದ ಓದಿದೆ. ಇನ್ನೂ ಸಿಕ್ಕವು. ಮೂಸಿಯ ಮೇಲೆ 1578ರ ಪುರಾನಾಪುಲ್ ಒಂದೇ ಇದ್ದ ಕಾಲ ಹೋಗಿ 'ಎಯ್ಟೀನ್ ಹಂಡ್ರೆಡ್ಸ್'ನಲ್ಲಿ ಹೊಸ ಸೇತುವೆಗಳು ಬಂದವು ಎಂದು ಮೂಲದಲ್ಲಿತ್ತು. ಇಂಗ್ಲಿಷ್ ಬರಹಗಾರ ಹೇಳಿದ್ದು ಇಡೀ ಹತ್ತೊಂಬತ್ತನೆಯ ಶತಮಾನ. ನಾನು 1800ಕ್ಕೆ 'ಎರ್' ಅಂಟಿಸಿ 'ಯಾರೆ' ಬರೆದಿದ್ದೆ. ಅದನ್ನು ಓದಿದ ಜರ್ಮನ್ನರು 1800ರಿಂದ 1809ರವರೆಗಿನ ಹತ್ತು ವರ್ಷ ಎಂದೇ ತಿಳಿಯುತ್ತಾರೆ. ಚಾದರ್‌ಘಾಟಿನ ಸೇತುವೆ ಮುಗಿದದ್ದು 1831ರಲ್ಲಿ, ಅಫ್ಜಲ್‌ಗಂಜಿನದು ಅದಕ್ಕೂ ಆಮೇಲೆ. ನೂರು ವರ್ಷವನ್ನು ಹತ್ತಕ್ಕೆ ಇಳಿಸಿ, ಅದರೊಳಗೆ ಹಿಡಿಸದ ಸೇತುವೆಗಳನ್ನು ತುರುಕಿದ್ದೆ. 'ಹತ್ತೊಂಬತ್ತನೆಯ ಶತಮಾನದಲ್ಲಿ' ಎಂದು ಕನ್ನಡದಲ್ಲಿ ಯಾರೂ ಯೋಚಿಸದೆ ಬರೆಯುತ್ತಾರೆ. ಜರ್ಮನ್ ಕೇಳುವುದೂ ಅದನ್ನೇ.

ಇನ್ನೊಂದು, ಮಳೆಯ ವಿಷಯ. ಕಳೆದ ಹತ್ತು ವರ್ಷಗಳ ಸೆಪ್ಟೆಂಬರ್ ಮಳೆಯ ಬಗ್ಗೆ ಒಂದು ಸಾಲಿತ್ತು. ಇಂಗ್ಲಿಷಿನ 'ಡಿಕೇಡ್' ನೋಡಿ ಜರ್ಮನ್ನಿನ 'ಡೆಕಾಡೆ' ಹಾಕಿದ್ದೆ. ಈ ಪದಕ್ಕೆ ಹತ್ತು ವರ್ಷ ಎಂಬ ಅರ್ಥವೂ ಇದೆ. ಆದರೆ ಅದರ ಮೂಲ ಅರ್ಥ ಯಾವುದಾದರೂ ಹತ್ತರ ಗುಂಪು. ರೋಮನ್ ಇತಿಹಾಸಕಾರ ಲಿವಿಯ ಗ್ರಂಥದ ಹತ್ತು ಹತ್ತು ಭಾಗಗಳೂ ಡೆಕಾಡೆಗಳೇ. ನಮ್ಮ 'ದಶಕ'ವೂ ಹಾಗೆಯೇ ಅಲ್ಲವೇ? ಗುರುವಾಯೂರಿನ ನಾರಾಯಣೀಯದಲ್ಲಿ ನೂರು ದಶಕಗಳಿವೆ, ಅಲ್ಲಿ ದಶಕವೆಂದರೆ ಶ್ಲೋಕಗಳ ಗುಂಪು, ವರ್ಷವಲ್ಲ. ಜರ್ಮನ್ ಹವಾಮಾನ ವರದಿಗಳಲ್ಲಂತೂ ಡೆಕಾಡೆ ಎಂದರೆ ತಿಂಗಳ ಮೂರನೆಯ ಒಂದು ಭಾಗ, ಹತ್ತು ದಿನ. ಮಳೆಯ ಮಾತಿನಲ್ಲಿ, ಸೆಪ್ಟೆಂಬರಿನ ಪಕ್ಕದಲ್ಲಿ, 'ಕೊನೆಯ ಡೆಕಾಡೆ' ಎಂದು ಓದಿದವರು ಸೆಪ್ಟೆಂಬರಿನ ಕೊನೆಯ ಹತ್ತು ದಿನ ಎಂದುಕೊಂಡರೆ ಅವರ ತಪ್ಪಿಲ್ಲ. 1908ರ ಪ್ರವಾಹವೂ ಸರಿಯಾಗಿ ಆ ಹತ್ತು ದಿನಗಳಲ್ಲೇ ಬಿದ್ದಿರುವುದರಿಂದ ಸಂದೇಹವೂ ಹುಟ್ಟುವುದಿಲ್ಲ. ಹತ್ತು ವರ್ಷಕ್ಕೆ ಜರ್ಮನ್ನಿನಲ್ಲಿ 'ಯಾರ್‌ತ್ಸೇಂಟ್' ಎಂಬ ಗಟ್ಟಿ ಪದವಿದೆ: ವರ್ಷ, ಹತ್ತು, ಅಷ್ಟೇ. ಅನುಮಾನಕ್ಕೆ ಎಡೆಯಿಲ್ಲ.

ಆಮೇಲೆ ಹಳೆಯ ಕಡತಗಳನ್ನು ತೆರೆದೆ. 'ದಶಕಗಳಿಂದ ಪೂರೈಸುತ್ತ ಬಂದಿದ್ದೇವೆ' ಎಂದು ಹೇಳುವ ಕಂಪನಿ ವಾಕ್ಯಗಳು ಕೆಲವು ಇದ್ದವು. ಇಂಗ್ಲಿಷಿನಲ್ಲಿ ಅಲ್ಲಿ 'ಹ್ಯಾವ್' ಇರುತ್ತದೆ. ನಾನು ಅದಕ್ಕೆ ಸರಿಸಮನಾದ ಭೂತಕಾಲ ಬರೆದಿದ್ದೆ. ಇನ್ನೂ ನಡೆಯುತ್ತಿರುವ ಕೆಲಸಕ್ಕೆ ಜರ್ಮನ್ 'ಝೈಟ್' ಎಂದು ಹಿಂದಿನ ಕಾಲವನ್ನು ತೋರಿಸಿ ಕ್ರಿಯಾಪದವನ್ನು ವರ್ತಮಾನದಲ್ಲೇ ಇಡುತ್ತದೆ. 'ಮೂವತ್ತು ವರ್ಷದಿಂದ ಇಲ್ಲೇ ಇದ್ದೇನೆ' ಎಂದು ನಾವು ಅನ್ನುವುದಿಲ್ಲವೇ, ಹಾಗೆ. 'ಇಂದ' ಇದ್ದ ಕಡೆ 'ಝೈಟ್', 'ಇದ್ದೇನೆ' ಇದ್ದ ಕಡೆ ವರ್ತಮಾನ. ಕನ್ನಡದಿಂದ ಜರ್ಮನ್ನಿಗೆ ನೇರ ದಾರಿ ಇದ್ದಲ್ಲಿ ನಾನು ಇಂಗ್ಲಿಷನ್ನು ಸುತ್ತಿಕೊಂಡು ಹೋಗಿ ಮುಗ್ಗರಿಸಿದ್ದೆ.

ಇದು ಕನ್ನಡದ ಒಂದರದೇ ಹೆಚ್ಚುಗಾರಿಕೆ ಎಂದು ನನಗೆ ಅನ್ನಿಸುವುದಿಲ್ಲ. ಈ ಊರಿನ ಎಲ್ಲ ಭಾಷೆಗಳೂ ಆ ವಿವೇಕ ಇಟ್ಟುಕೊಂಡಿವೆ. ಪಕ್ಕದ ಮನೆಯ ಉರ್ದು ಮೇಷ್ಟರನ್ನು ಕೇಳಿದೆ. ಕಾಲಕ್ಕಾದರೆ 'ಚಾಲೀಸ್ ಕಿ ದಹಾಯಿ', ಮನುಷ್ಯನಿಗಾದರೆ 'ಚಾಲೀಸ್ ಕೆ ಪೇಟೆ ಮೇಂ' ಎಂದರು. ಒಂದರ ಜಾಗದಲ್ಲಿ ಇನ್ನೊಂದನ್ನು ಹಾಕಿದರೆ ಮಕ್ಕಳೂ ನಿಲ್ಲಿಸಿ ಕೇಳುತ್ತವೆ ಎಂದರು. ತೆಲುಗಿನಲ್ಲಿ ವಯಸ್ಸಿಗೆ 'ಪಡಿ' ಎಂಬ ಮಾತಿದೆ. ಐವತ್ತರ ಪಡಿಗೆ, ಅರವತ್ತರ ಪಡಿಗೆ ಬಿದ್ದರು ಎನ್ನುತ್ತಾರೆ. ಕಾಲಕ್ಕೆ 'ದಶಕಂ' ಬೇರೆಯೇ ಇದೆ. ಇಷ್ಟು ಭಾಷೆಗಳ ನಡುವೆ ಬೆಳೆದು, ಎರಡನ್ನೂ ಒಂದೇ 'ಫಾರ್ಟೀಸ್'ನಲ್ಲಿ ಕಟ್ಟುವ ಭಾಷೆಯ ಕೈ ಮಾತ್ರ ಹಿಡಿದು ಹೋದೆನಲ್ಲ ಎಂಬ ಸಂಕಟ ನನಗೆ ಇಂದಿಗೂ ಇದೆ.

ವರ್ಷಗಳ ಎಣಿಕೆ ಒಂದೇ ಬಗೆಯದಲ್ಲ ಎಂಬುದನ್ನಂತೂ ಈ ಸೀಮೆಯವರಿಗೆ ಹೇಳಿಕೊಡಬೇಕಿಲ್ಲ. ನಮ್ಮ ಹೊಲದ ಹಳೆಯ ಕಾಗದಗಳಲ್ಲಿ ಇರುವುದು ಫಸಲಿ ವರ್ಷ. ಅದಕ್ಕೆ 590 ಕೂಡಿಸಿದರೆ ಸುಮಾರಾಗಿ ಇಸವಿ ಸಿಗುತ್ತದೆ. ನಿಜಾಮ ಸೀಮೆಯ ಫಸಲಿ ಅಕ್ಟೋಬರಿನಲ್ಲಿ, ಆಜೂರ್ ತಿಂಗಳಿಂದ ಶುರುವಾಗುತ್ತಿತ್ತು. ಹಾಗಾಗಿ ಪೊಲೀಸ್ ಕಾರ್ಯಾಚರಣೆ ನಡೆದದ್ದು 1357ನೆಯ ಫಸಲಿಯ ಕೊನೆಯಲ್ಲಿ. ನಮ್ಮಜ್ಜ 'ಐವತ್ತೇಳರಾಗ' ಎಂದರೆ ಅದು 1957 ಅಲ್ಲ, ಫಸಲಿ ಐವತ್ತೇಳು ಎಂದು ಮನೆಯ ಹುಡುಗರಿಗೆಲ್ಲ ಗೊತ್ತಿತ್ತು. ಅವರು ವರ್ಷ ಹೇಳಿದಾಗ 'ಯಾವ ಲೆಕ್ಕದ್ದು ಮುತ್ಯಾ?' ಎಂದು ಕೇಳುವುದು ನಮಗೆ ಸಹಜವಾಗಿತ್ತು. ಆ ಪ್ರಶ್ನೆಯನ್ನು ನಾನು ಮೇಜಿನ ಮೇಲಿನ ಇಂಗ್ಲಿಷಿಗೆ ಕೇಳಬೇಕಿತ್ತು.

ಪುಸ್ತಿಕೆ ಮಾಡಿಸಿದವರಿಗೆ ಎಲ್ಲ ತಪ್ಪುಗಳನ್ನೂ ಪಟ್ಟಿ ಮಾಡಿ ಬರೆದೆ. ಉಳಿದ ಪ್ರತಿಗಳಲ್ಲಿ ತಿದ್ದುಪಡಿಯ ಚೀಟಿ ಇಟ್ಟರು, ಅದರ ಖರ್ಚು ನಾನು ಕೊಟ್ಟೆ. ಹಳೆಯ ಕಂಪನಿಗಳಿಗೂ ಬರೆದೆ. ಕೆಲವರು ತಿದ್ದಿಕೊಂಡರು, ಹಲವರಿಂದ ಉತ್ತರ ಬರಲಿಲ್ಲ. ಕೋಷ್ಟಕವನ್ನು ತಂತ್ರಾಂಶದಿಂದ ತೆಗೆದುಹಾಕಿದೆ. ಈಗ ದಶಕದ ಪದ ಬಂದಾಗಲೆಲ್ಲ ಅಂಕಿಯನ್ನು ಬಿಟ್ಟು ಮೊದಲು ಒಡೆಯನನ್ನು ಹುಡುಕುತ್ತೇನೆ. ಇದು ಕಾಲದ್ದೋ, ಮನುಷ್ಯನದ್ದೋ, ಇನ್ನೂ ಸಾಗುತ್ತಿರುವ ಕೆಲಸದ್ದೋ? ತಿಳಿಯದಿದ್ದರೆ ಬರೆದವರಿಗೆ ಫೋನ್ ಮಾಡುತ್ತೇನೆ. ಮೊನ್ನೆ ಒಂದು ಬರಹದಲ್ಲಿ 'ನೈಂಟೀನ್ ಹಂಡ್ರೆಡ್ಸ್' ಎಂದಿತ್ತು. ಮೊದಲ ಹತ್ತು ವರ್ಷವೋ ಇಡೀ ಶತಮಾನವೋ ಎಂದು ಕೇಳಿದೆ. ಬರೆದವರು ಸ್ವಲ್ಪ ಹೊತ್ತು ಸುಮ್ಮನಿದ್ದು, ತಾವೂ ಅದನ್ನು ಯೋಚಿಸಿರಲಿಲ್ಲ ಎಂದರು. ಕೊನೆಗೆ ಮೂಲವನ್ನೇ ಬದಲಿಸಿ ಎರಡು ಇಸವಿಗಳನ್ನು ಹಾಕಿದರು.

ಸಂಜೆಗಳಲ್ಲಿ ಜರ್ಮನಿಗೆ ನರ್ಸ್ ಕೆಲಸಕ್ಕೆ ಹೊರಡುವ ಹುಡುಗಿಯರಿಗೆ ಪಾಠ ಹೇಳುತ್ತೇನೆ. ಹೆಚ್ಚಿನವರ ಮನೆಮಾತು ತೆಲುಗು, ಕೆಲವರದು ಉರ್ದು, ಒಬ್ಬಳದು ಜಹೀರಾಬಾದ್ ಕಡೆಯ ಕನ್ನಡ. ರೋಗಿಯ ವಯಸ್ಸು ಹೇಳುವ ಪಾಠ ಬಂದಾಗ ಇಂಗ್ಲಿಷ್ ವಾಕ್ಯವನ್ನು ನೇರವಾಗಿ ತಿರುಗಿಸಲು ಬಿಡುವುದಿಲ್ಲ. ಮೊದಲು ಮನೆಯಲ್ಲಿ ಹೇಗೆ ಹೇಳುತ್ತೀರಿ ಹೇಳಿ, ಆಮೇಲೆ ಜರ್ಮನ್. ಎಂಬತ್ತು ದಾಟಿದ ಮುದುಕಿಯೊಬ್ಬಳು ವಾರ್ಡಿಗೆ ಬಂದಿದ್ದಾಳೆ ಎಂದು ವಾಕ್ಯ ಕೊಟ್ಟೆ. ಜಹೀರಾಬಾದಿನ ಹುಡುಗಿ ಮೊದಲು ಕನ್ನಡದಲ್ಲಿ "ಎಂಬತ್ತರ ಮ್ಯಾಲ ಆಗ್ಯಾವ" ಎಂದಳು, ಆಮೇಲೆ 'ಆನ್‌ಫಾಂಗ್ ಆಖ್‌ತ್ಸಿಗ್' ಎಂದು ಬರೆದಳು. ಬರೆದು, ಎಂಬತ್ತೊಂದೋ ಎಂಬತ್ತೆಂಟೋ ಗೊತ್ತಿಲ್ಲದಿದ್ದಾಗ 'ಆನ್‌ಫಾಂಗ್' ಬರೆಯುವುದು ಸರಿಯೇ ಎಂದು ಕೇಳಿದಳು. ಸರಿಯಲ್ಲ, ಗೊತ್ತಿಲ್ಲದಿದ್ದರೆ 'ಊಬರ್ ಆಖ್‌ತ್ಸಿಗ್', ಎಂಬತ್ತರ ಮೇಲೆ ಎಂದಷ್ಟೇ ಬರೆ ಎಂದೆ. ಆಮೇಲೆ ಆ ಅಜ್ಜಿಯನ್ನೇ ಕೇಳು. ಅಲ್ಲಿನ ಹಿರಿಯರು ಎಷ್ಟೋ ಸಲ ವಯಸ್ಸು ಹೇಳುವುದಿಲ್ಲ, 'ಯಾರ್‌ಗಾಂಗ್' ಎಂದು ಹುಟ್ಟಿದ ಇಸವಿಯನ್ನೇ ಹೇಳುತ್ತಾರೆ. ಅದನ್ನು ಹಾಗೆಯೇ ಬರೆದುಕೋ.